ನಾನು ಬ್ಯಾಟರಿಗೆ ಹಾಕಿದ ನೀರು

ಹೋದ ತಿಂಗಳು ಗಡಹಿಂಗ್ಲಜಕ್ಕೆ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹೊಸ ಮನೆ. ಮೆಟ್ಟಿಲ ಕೆಳಗೆ ಕಪ್ಪು ಬ್ಯಾಟರಿ ಇಟ್ಟು ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಪೇರಿಸಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಕೊಳೆತ ತತ್ತಿಯ ವಾಸನೆ ಎಂದು ಜನ ಹೇಳುತ್ತಾರೆ. ನಾನು ತತ್ತಿ ಮುಟ್ಟಿದವಳಲ್ಲ, ಅದು ಕೊಳೆತರೆ ಹೇಗಿರುತ್ತದೋ ಗೊತ್ತಿಲ್ಲ. ನನಗೆ ಅದು ಹುಳಿ, ಸುಟ್ಟ ಕಡ್ಡಿ, ಒದ್ದೆ ಕಬ್ಬಿಣ ಮೂರನ್ನೂ ಕಲಸಿದ ಹಾಗೆ ಬರುತ್ತದೆ. ಬ್ಯಾಟರಿ ತುಂಬದೆ ಒಳಗೊಳಗೇ ಕುದಿಯುವಾಗ ಬರುವ ವಾಸನೆ ಅದು.

ಕೊಟ್ಟ ಚಹಾ ಅಲ್ಲೇ ಬಿಟ್ಟು ಹೊರಗಿನ ಕಟ್ಟೆಗೆ ಬಂದು ಕೂತೆ. ತಂಗಿಯ ಮಗಳು ಹಿಂದೆಯೇ ಬಂದಳು.

"ಯಾಕ ಮಾವಶಿ, ತಲಿ ತಿರಗಾಕತ್ತೈತೇನು?"

"ನನ್ನ ತಲಿ ನೆಟ್ಟಗ ಐತಿ. ನಿನ್ನ ಬ್ಯಾಟರಿ ಸಾಯಾಕತ್ತೈತಿ. ಯಾರನ್ನರೆ ಕರಸಿ ತೋರಸು."

ಅವಳು ನಕ್ಕಳು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಮುದುಕಿಗೆ ಬ್ಯಾಟರಿಯ ಮಾತೇಕೆ ಅಂತ ಇರಬೇಕು. ಆದರೆ ನನಗೆ ಗೊತ್ತು. ಎರಡು ಮಳೆಗಾಲದ ಹಿಂದೆ ನಾನು ಅದೊಂದನ್ನೇ ಕಲಿತೆ, ಕಲಿಯುವ ಹೊತ್ತಿಗೆ ತಡವಾಗಿತ್ತು.

ನಮ್ಮ ಊರು ಕುರುಂದವಾಡ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಪಂಚಗಂಗಾ. ಮನೆಯಲ್ಲಿ ನಾನು, ನಮ್ಮ ಮನೆಯವರು, ಮಗ ಮಹಾವೀರ, ಸೊಸೆ, ಇಬ್ಬರು ಮೊಮ್ಮಕ್ಕಳು. ನಮ್ಮ ಮನೆಯವರು ಶಿರೋಳಿಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದರು. ಎರಕ ಆರಿದ ಮೇಲೆ ಉಸುಕಿನ ಅಚ್ಚನ್ನು ಒಡೆದು ಮಾಲು ಹೊರಗೆ ತೆಗೆಯುವ ಕೆಲಸ. ಆ ಉಸುಕಿನ ಹಿಟ್ಟು ಅವರ ಎದೆಯೊಳಗೆ ಹೋಗಿ ಕೂತಿತು. ಕೊಲ್ಹಾಪುರದ ಡಾಕ್ಟರು ಫೋಟೋ ತೆಗೆದು ನೋಡಿ, ಇದು ತೆಗೆಯುವಂಥದ್ದಲ್ಲ, ಬೆಳೆಯುವಂಥದ್ದು ಎಂದರು. ಗಾಳಿಯಿಂದ ಆಕ್ಸಿಜನ್ ಹಿಂಡಿ ಮೂಗಿಗೆ ಕೊಡುವ ಒಂದು ಮಷೀನು ಬರೆದುಕೊಟ್ಟರು. ದಿನದಲ್ಲಿ ಹದಿನಾರು ತಾಸು ಅದು ನಡೆಯಬೇಕು. ಮಷೀನು ಕರೆಂಟಿನಿಂದ ನಡೆಯುತ್ತದೆ, ನಮ್ಮೂರ ಕರೆಂಟು ಅದರ ಮನಸ್ಸಿಗೆ ಬಂದಂತೆ ನಡೆಯುತ್ತದೆ.

ಅದಕ್ಕೇ ಮನೆಗೆ ಸೋಲಾರ್ ಹಾಕಿಸಿದ್ದು. ಇಚಲಕರಂಜಿಯ ಶಹಾಪುರದಲ್ಲಿ ಸೊಸೆಯ ತವರಿನವರು ಮಗ್ಗದ ಶೆಡ್ಡಿಗೆ ಹಾಕಿಸಿದ್ದರು, ಅವರಿಗೆ ಹಾಕಿದವನೇ ನಮಗೂ ಹಾಕಿದ. ಅವನು ಬೀರಪ್ಪ, ಗಡಹಿಂಗ್ಲಜದ ಕಡೆಯ ಧನಗರರವನು. ಅಪ್ಪ ಕುರಿ ಕಾದವನು, ಇವನು ಮೋಟಾರು ಸುತ್ತುವುದು ಕಲಿತು ಆಮೇಲೆ ಸೋಲಾರಿಗೆ ಬಂದವನು. ಐವತ್ತರ ಹತ್ತಿರದ ಆಳು, ಗಿಡ್ಡ ಮೀಸೆ, ಬಾಯಿ ಸುಮ್ಮನಿರುವುದಿಲ್ಲ. ಸೂರ್ಯ ಮುಳುಗುವ ಮೊದಲೇ ನಾವು ಊಟ ಮುಗಿಸುವುದನ್ನು ನೋಡಿ ಮೊದಲ ದಿನವೇ ಹೇಳಿದ, "ಕಾಕು, ನಿಮ್ಮ ಊಟಾನೂ ಸೋಲಾರ್ ಮ್ಯಾಲ ನಡೀತೈತಿ ಬಿಡ್ರಿ. ಅದಕ್ಕ ಬ್ಯಾಟರಿ ಇಲ್ಲ ಅಷ್ಟ."

ಮಾಳಿಗೆಯ ಮೇಲೆ ಪ್ಯಾನೆಲ್ಲು, ಅಡುಗೆಮನೆಯ ಗೋಡೆಗೆ ಒತ್ತಿ ಒಂದು ಬ್ಯಾಟರಿ, ಅದರಾಚೆ ಇನ್ನೊಂದು, ಗೋಡೆಯ ಮೇಲೆ ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಅಳೆದು ಬಿಡುವ ಡಬ್ಬಿ. ಎಲ್ಲ ಕೂಡಿಸಿ ನನ್ನನ್ನು ಕರೆದು ತೋರಿಸಿದ. ಬ್ಯಾಟರಿಯ ಮೇಲೆ ಆರಾರು ಮುಚ್ಚಳ, ಪ್ರತಿಯೊಂದರಲ್ಲೂ ಕೆಂಪು ಕಡ್ಡಿ. ಕಡ್ಡಿ ಕೆಳಗಿಳಿದರೆ ನೀರು ಕಡಿಮೆಯಾಗಿದೆ ಎಂದು ಅರ್ಥ, ಆಗ ನೀರು ಹಾಕಬೇಕು. ಎರಡು ದೊಡ್ಡ ಬಾಟಲಿ ನೀರನ್ನು ಅವನೇ ಕೊಟ್ಟ. ತೀರಿದ ಮೇಲೆ ಬ್ಯಾಟರಿಯ ಅಂಗಡಿಯಿಂದ ಇಂಥದ್ದೇ ತರಿಸಿರಿ, ಬೇರೆ ಯಾವ ನೀರೂ ಹಾಕಬೇಡಿರಿ ಎಂದು ಎರಡು ಸಲ ಹೇಳಿದ. ನಾನು ಹೂಂ ಎಂದೆ.

ಇಲ್ಲಿ ನನ್ನ ನೀರಿನ ಮಾತು ಹೇಳಬೇಕು. ನಮ್ಮ ಬಾವಿಯ ನೀರನ್ನು ನಾನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತೇನೆ. ಬಟ್ಟೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು ಅದನ್ನು ಬಾವಿಗೇ ತಿರುಗಿ ಬಿಡುತ್ತೇನೆ. ಆಮೇಲೆ ಹಿತ್ತಾಳೆಯ ತಪ್ಪಲೆಯಲ್ಲಿ ಮರಳುವವರೆಗೆ ಕಾಯಿಸುತ್ತೇನೆ. ಹದಿನೈದನೇ ವರ್ಷಕ್ಕೆ ಲಗ್ನವಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಚಾತುರ್ಮಾಸಕ್ಕೆ ಬಸದಿಗೆ ಮುನಿಗಳು ಬಂದರೆ ಆಹಾರದ ದಿನ ನಮ್ಮ ಮನೆಯಿಂದ ನೀರು ಹೋಗುತ್ತಿತ್ತು. ನನಗೆ ಆ ಸೊಕ್ಕು ಇತ್ತು. ಬಂಗಾರದ ಸೊಕ್ಕು ಕೆಲವರಿಗೆ, ನನಗೆ ನೀರಿನದು.

ಬೀರಪ್ಪ ಕೊಟ್ಟ ಬಾಟಲಿಗಳು ಬೇಸಿಗೆಯಲ್ಲಿ ತೀರಿದವು. ಮಹಾವೀರ ತರುತ್ತೇನೆಂದು ಮೂರು ಸಲ ಮರೆತ. ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಯಾರು ತುಂಬಿದರೋ, ಯಾವ ಕೈಯೋ, ಎಷ್ಟು ತಿಂಗಳು ಪ್ಲಾಸ್ಟಿಕ್ಕಿನಲ್ಲಿ ಕೂತ ನೀರೋ. ನನ್ನ ಗಂಡನ ಉಸಿರು ನಡೆಸುವ ಬ್ಯಾಟರಿಗೆ ಇಂಥ ತಂಗಳು ನೀರೇಕೆ ಅನ್ನಿಸಿತು. ಕಾಯಿಸಿ ಆರಿಸಿದ ನನ್ನ ನೀರನ್ನು ಅದೇ ಬಾಟಲಿಗೆ ತುಂಬಿದೆ, ಕಡ್ಡಿ ಇಳಿದಾಗೆಲ್ಲ ಅದನ್ನೇ ಹಾಕಿದೆ. ಮಹಾವೀರನಿಗೆ, ನೀರು ಐತಿ, ತರಬೇಡ ಎಂದೆ. ಒಂದು ವರ್ಷ ಹಾಗೇ ನಡೆಯಿತು. ಅಡುಗೆಮನೆಯ ಗೋಡೆಗೆ ತಾಗಿದ ಬ್ಯಾಟರಿ ಒಲೆಯ ಕಾವಿಗೆ ಹೆಚ್ಚು ಕುಡಿಯುತ್ತಿತ್ತು. ಅದಕ್ಕೆ ಹೆಚ್ಚು ಹಾಕುತ್ತಿದ್ದೆ, ಹಸಿದ ಮಗುವಿಗೆ ಹಾಕಿದ ಹಾಗೆ.

ಆ ವರ್ಷ ಜೂನಿಗೆ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು. ಹಿಂದೆಯೇ ತೊಂದರೆಯೂ ಬಂತು. ಮೊದಲು ಕರೆಂಟು ಹೋದರೆ ಬ್ಯಾಟರಿಯ ಮೇಲೆ ಮಷೀನು ಆರು ತಾಸು ನಡೆಯುತ್ತಿತ್ತು. ಈಗ ಮೂರಕ್ಕೆ ಬಂತು, ಆಮೇಲೆ ಎರಡಕ್ಕೆ. ಮಷೀನು ಕೀರಲು ದನಿಯಲ್ಲಿ ಚೀರಿ ನಿಂತುಬಿಡುತ್ತಿತ್ತು. ವಿಚಿತ್ರವೆಂದರೆ ಡಬ್ಬಿಯ ಮೇಲಿನ ಹಸಿರು ದೀಪ ಬ್ಯಾಟರಿ ತುಂಬಿದೆ ಎಂದು ತೋರಿಸುತ್ತಿತ್ತು. ಮೊದಲು ಸಂಜೆಯವರೆಗೂ ತುಂಬುತ್ತಿದ್ದದ್ದು ಈಗ ಒಂಬತ್ತು ಗಂಟೆಗೇ ತುಂಬಿತು ಅನ್ನುತ್ತಿತ್ತು. ಬೇಗ ತುಂಬುವುದು, ಬೇಗ ಬರಿದಾಗುವುದು.

ಬೀರಪ್ಪನಿಗೆ ಫೋನು ಮಾಡಿಸಿದೆ. ಬಂದ. ಪ್ಯಾನೆಲ್ಲಿನ ಮೇಲೆ ಕೆಸರಿನ ಪದರ ಇತ್ತು, ತೊಳೆದ. ಪಕ್ಕದ ಆದಗೊಂಡ ಪಾಟೀಲ ತನ್ನ ಮಾಳಿಗೆಯ ಮೇಲೆ ಹೊಸ ನೀರಿನ ಟಾಕಿ ಕೂರಿಸಿದ್ದ, ಅದರ ನೆರಳು ಹತ್ತು ಗಂಟೆಯವರೆಗೆ ನಮ್ಮ ಒಂದು ಪ್ಯಾನೆಲ್ಲಿನ ಮೇಲೆ ಬೀಳುತ್ತಿತ್ತು. ಒಂದರ ಮೇಲೆ ನೆರಳು ಬಿದ್ದರೂ ಎಲ್ಲವೂ ಸೊರಗುತ್ತವಂತೆ. ಆ ಪ್ಯಾನೆಲ್ಲನ್ನು ಸರಿಸಿ ಕಟ್ಟಿದ. ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು, ಕೆರೆದು ಬಿಗಿದ. ಕೊನೆಗೆ ಕೇಳಿದ, "ನೀರು ಯಾವುದು ಹಾಕಾಕತ್ತೀರಿ ಕಾಕು?"

ನಾನು ಗೂಡಿನಲ್ಲಿದ್ದ ಬಾಟಲಿಯನ್ನು ತೋರಿಸಿದೆ. "ಅಲ್ಲೈತಿ ನೋಡು."

ಅವನು ಬಾಟಲಿಯ ಚೀಟಿ ನೋಡಿ ತಲೆಯಾಡಿಸಿದ. ನಾನು ಸುಳ್ಳು ಹೇಳಲಿಲ್ಲ. ಹೇಳಬೇಕಾದದ್ದನ್ನೂ ಹೇಳಲಿಲ್ಲ.

ಎಂಟು ದಿನಕ್ಕೆ ಮತ್ತೆ ಅದೇ ಹಾಡು. ಎರಡನೇ ಸಲ ಬಂದವನು ಗೋಡೆಯ ಡಬ್ಬಿಯನ್ನೇ ಬದಲಿಸಿದ, ದಪ್ಪ ತಂತಿ ಎಳೆದ. ಅದರಿಂದಲೂ ಏನೂ ಆಗಲಿಲ್ಲ. ಆ ದಿನ ನನ್ನ ಬಾಯಿ ನನ್ನ ಹತೋಟಿಯಲ್ಲಿ ಇರಲಿಲ್ಲ. ಅವನು ಗಾಡಿ ಚಾಲೂ ಮಾಡುವಾಗ ಓಣಿಯ ನಡುವೆ ನಿಂತು ಕೂಗಿದೆ.

"ಹಳೇ ಬ್ಯಾಟರಿಗೆ ಹೊಸಾ ಬಣ್ಣಾ ಹಚ್ಚಿ ಕೊಟ್ಟಿದೀ. ಒಬ್ಬ ಮನಷ್ಯಾನ ಜೀವದ ಮ್ಯಾಲ ವ್ಯಾಪಾರ ಮಾಡ್ತಿ. ಮೋಸಗಾರ ಅದೀ ನೀ."

ಆದಗೊಂಡ ತನ್ನ ಕಟ್ಟೆಯ ಮೇಲಿಂದ ಕೇಳುತ್ತಿದ್ದ, ಅವನ ಹೆಂಡತಿ ಕೇಳುತ್ತಿದ್ದಳು, ಇಡೀ ಓಣಿ ಕೇಳುತ್ತಿತ್ತು. ಬೀರಪ್ಪ ಗಾಡಿ ಬಂದ್ ಮಾಡಿದ. ಇಳಿದು ನಿಂತ.

"ಕಾಕು, ನಮ್ಮಪ್ಪ ಒಂದು ಕುರೀನೂ ಸುಳ್ಳು ಹೇಳಿ ಮಾರಿದಾಂವಲ್ಲ. ನಿಮ್ಮ ಬ್ಯಾಟರಿ ಯಾಕ ತುಂಬವಲ್ದು ಅಂತ ಹುಡಕದ ಬಿಡೂದಿಲ್ಲ ನಾ."

ಆ ಮಾತು ಉಳಿಸಿಕೊಳ್ಳಲೆಂದೇ ಅವನು ಮೂರನೇ ಸಲ ಬಂದದ್ದು. ಆಗ ಮಳೆ ಆರು ದಿನದಿಂದ ಬಿಟ್ಟಿರಲಿಲ್ಲ. ಘಟ್ಟದ ಕಡೆ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದರು. ಎರಡೂ ಹೊಳೆ ಉಬ್ಬಿದ್ದವು. ಸೊಸೆ ಮಕ್ಕಳನ್ನು ಕರೆದುಕೊಂಡು ಶಹಾಪುರಕ್ಕೆ ಹೋಗಿದ್ದಳು. ಮಹಾವೀರ ಶಿರೋಳಿಯಲ್ಲಿ ಲೇಥಿನ ಪಾಳಿಗೆ ಹೋಗುವ ಮುಂಚೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ್ದ.

"ಅವ್ವಾ, ಅಪ್ಪನ್ನ ಈಗ ದವಾಖಾನಿಗೆ ಸೇರಸೂನು. ರಸ್ತಾ ಬಂದ್ ಆದ್ರ ಏನ ಮಾಡ್ತಿ?"

"ದವಾಖಾನ್ಯಾಗ ಹೊತ್ತು ಮುಳುಗಿದ ಮ್ಯಾಲ ಊಟಾ ಕೊಡ್ತಾರ. ಸೋಸಲಾರದ ನೀರು ಕುಡಸ್ತಾರ. ಬ್ಯಾಡ. ನಾಳೆ ಬೀರಪ್ಪ ಬರ್ತಾನ, ರಿಪೇರಿ ಮಾಡ್ತಾನ."

ಬೇಡ ಎಂದವಳು ನಾನೇ. ನಮ್ಮ ಮನೆಯವರು ನನ್ನ ಮುಖ ನೋಡಿ, ಇವಳು ಹೇಳಿದ ಹಾಗೆ ಎಂದರು. ಅವರು ಯಾವತ್ತೂ ಹಾಗೇ.

ಬೀರಪ್ಪ ಮುಂಜಾನೆ ಬಂದ. ಅವನ ಗಾಡಿ ದಾಟಿದ ಒಂದು ತಾಸಿಗೆ ಸೇತುವೆಯ ಮೇಲೆ ನೀರು ಬಂತು. ಮಧ್ಯಾಹ್ನ ಊರ ಕರೆಂಟು ಹೋಯಿತು. ಕರೆಂಟಿನ ಕೇಂದ್ರಕ್ಕೇ ನೀರು ನುಗ್ಗಿದೆ, ನೀರಿಳಿಯುವವರೆಗೆ ಬರುವುದಿಲ್ಲ ಎಂದು ಸುದ್ದಿ ಬಂತು. ನಮ್ಮ ಓಣಿ ಎತ್ತರದಲ್ಲಿದೆ, ನೀರು ಎರಡು ಓಣಿ ಕೆಳಗೆ ನಿಂತಿತ್ತು. ಮನೆ ಮುಳುಗುವ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಮಷೀನಿನದು.

ಬ್ಯಾಟರಿ ನಲವತ್ತು ನಿಮಿಷ ನಡೆಸಿ ಚೀರಿತು. ತುರ್ತಿಗೆಂದು ಒಂದು ಸಿಲಿಂಡರ್ ಇತ್ತು, ಅದನ್ನು ಹಚ್ಚಿದೆವು. ರಾತ್ರಿ ಅದರಲ್ಲೇ ಕಳೆಯಿತು. ಬೆಳಗಾದಾಗ ಅದರ ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ಮಹಾವೀರ ಆ ದಡದಿಂದ ಫೋನು ಮಾಡಿ, ಬೋಟಿಗೆ ಹೆಸರು ಹಚ್ಚಿದ್ದೇನೆ, ಆದರೆ ಸೆಳೆತ ಬಹಳ ಇದೆ, ನಾಳೆಯ ಮುಂಚೆ ಆಗುವುದಿಲ್ಲವಂತೆ ಎಂದ. ಆಮೇಲೆ ಫೋನೂ ಸತ್ತಿತು.

ಬೆರಳಿಗೆ ಕಚ್ಚಿಸುವ ಒಂದು ಚಿಮಟ ಇತ್ತು, ಉಸಿರು ಎಷ್ಟಿದೆ ಎಂದು ಅಂಕಿ ತೋರಿಸುವಂಥದ್ದು. ನನಗೆ ಓದು ಬಾರದಿದ್ದರೂ ಅಂಕಿ ಬರುತ್ತದೆ. ಸಿಲಿಂಡರ್ ಇದ್ದಾಗ ತೊಂಬತ್ತು. ತೆಗೆದರೆ ಎಂಬತ್ತು, ಎಪ್ಪತ್ತೆಂಟು. ಡಾಕ್ಟರು ಎಂಬತ್ತೆಂಟಕ್ಕಿಂತ ಇಳಿಯಬಾರದು ಎಂದಿದ್ದರು. ಸಿಲಿಂಡರನ್ನು ಉಳಿಸಲು ಅರ್ಧ ತಾಸು ಹಚ್ಚುವುದು, ಅರ್ಧ ತಾಸು ತೆಗೆಯುವುದು ಮಾಡಿದೆ. ತೆಗೆದಾಗ ಅವರ ತುಟಿ ನೇರಳೆ ಹಣ್ಣು ತಿಂದಂತೆ ಆಗುತ್ತಿತ್ತು. ಎರಡೂ ಕೈಯನ್ನು ಮೊಣಕಾಲಿಗೆ ಊರಿ ಕೂತು ಎದೆಯನ್ನು ಮೇಲಕ್ಕೆತ್ತಿ ಎತ್ತಿ ಎಳೆಯುತ್ತಿದ್ದರು. ನಾನು ಬೆನ್ನು ತಿಕ್ಕುತ್ತಿದ್ದೆ. ತಿಕ್ಕಿದರೆ ಗಾಳಿ ಬರುವುದಿಲ್ಲ ಎಂದು ಗೊತ್ತಿತ್ತು.

ಬೀರಪ್ಪ ಮೇಲೆ ಕೆಳಗೆ ಓಡಾಡುತ್ತಿದ್ದ. ಮಳೆಯಲ್ಲಿ ಗೋಣಿ ಹೊದ್ದು ಮಾಳಿಗೆಯ ಮೇಲೆ ಹೋಗಿ ಪ್ಯಾನೆಲ್ಲಿನ ಒಂದೊಂದೇ ತಂತಿ ಬಿಚ್ಚಿ ಮೀಟರು ಹಿಡಿದು ನೋಡಿದ. ಮೋಡದಲ್ಲೂ ಒಂದಿಷ್ಟು ಕರೆಂಟು ಬರುತ್ತಿತ್ತು. ಡಬ್ಬಿಯಲ್ಲಿ ನೋಡಿದ, ಬರುತ್ತಿತ್ತು. ಹೋಗುವುದು ಎಲ್ಲಿಗೆ ಎಂಬುದೇ ತಿಳಿಯದು. ಎರಡನೇ ದಿನ ಮಧ್ಯಾಹ್ನದ ಮೇಲೆ ಅವನು ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿದ. ಅವನ ಚೀಲದಲ್ಲಿ ಒಂದು ಗಾಜಿನ ನಳಿಗೆ ಇತ್ತು, ತುದಿಗೆ ರಬ್ಬರಿನ ಗುಂಡು. ಒಳಗಿನ ಆ್ಯಸಿಡ್ಡನ್ನು ಎಳೆದರೆ ನಳಿಗೆಯೊಳಗಿನ ತೇಲುಗಡ್ಡಿ ಎಷ್ಟು ಮೇಲೆ ನಿಲ್ಲುತ್ತದೋ ಬ್ಯಾಟರಿಯಲ್ಲಿ ಅಷ್ಟು ಜೀವ. ಗೋಡೆ ಕಡೆಯ ಬ್ಯಾಟರಿಯಲ್ಲಿ ಕಡ್ಡಿ ತಳಕ್ಕೆ ಹೋಗಿ ಕೂತಿತು. ಆರೂ ಮುಚ್ಚಳದ ಕೆಳಗಿನ ಮನೆಯಲ್ಲಿ ಹಾಗೇ. ಆಚೆಯದರಲ್ಲಿ ನಡುವಿನವರೆಗೆ ಎದ್ದಿತು.

ಆ ವಾಸನೆ ಆಗ ಮನೆಯೆಲ್ಲ ತುಂಬಿತು.

ಬೀರಪ್ಪ ಹಿಮ್ಮಡಿಯ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡಿಕೊಂಡ. "ನೀರಾಗ ಉಪ್ಪು ಇದ್ರ ಹಿಂಗಾಗತೈತಿ. ಪ್ಲೇಟಿಗೆ ಕೂತು ಬಿಡತೈತಿ. ತುಂಬಿಧಾಂಗ ತೋರಸ್ತೈತಿ, ತುಂಬೂದಿಲ್ಲ. ಆದ್ರ ನೀವು ಬಾಟ್ಲಿ ನೀರ ಹಾಕೀರಿ. ಅಂದಮ್ಯಾಲ ಅದಲ್ಲ." ಎದ್ದ. "ಪ್ಯಾನೆಲ್ಲಿನ ಜೋಡಣಿ ಒಳಗ ಎಲ್ಲೋ ಸೋರಾಕತ್ತಿರಬೇಕು. ಎಲ್ಲಾ ಇಳಿಸಿ ಬಿಚ್ಚಿ ನೋಡ್ತೇನಿ. ಬೆಳಕು ಇನ್ನ ಎರಡು ತಾಸು ಐತಿ."

ಅವನು ಗೋಣಿ ಹೊದ್ದುಕೊಂಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಹಿತ್ತಾಳೆಯ ತಪ್ಪಲೆ. ಅದರ ತಳದಲ್ಲಿ ಬಿಳಿ ಪದರ ಕೂರುತ್ತದೆ, ಹದಿನೈದು ದಿನಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆ. ನಮ್ಮ ಕಡೆಯ ನೆಲವೇ ಸವುಳು, ಬಾವಿಯ ನೀರೂ ಸವುಳು. ಸೋಸಿದರೆ ಹುಳ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕುದಿಸಿದರೆ ನೀರು ಹೋಗಿ ಉಪ್ಪು ಉಳಿಯುತ್ತದೆ. ಐವತ್ತು ವರ್ಷ ಆ ಪದರವನ್ನು ಉಗುರಿನಿಂದ ಕೆರೆದಿದ್ದೇನೆ, ಎಲ್ಲ ಉಪ್ಪೂ ತಪ್ಪಲೆಗೇ ಅಂಟಿ ಉಳಿಯಿತು ಎಂದು ತಿಳಿದಿದ್ದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬ್ಯಾಟರಿಯೇ ಕೆಟ್ಟದ್ದಿತ್ತು ಎಂದು ಓಣಿಯೆಲ್ಲ ಒಪ್ಪಿಕೊಂಡಾಗಿತ್ತು. ಅದನ್ನೂ ಒಂದು ಗಳಿಗೆ ಯೋಚಿಸಿದೆ, ಇಲ್ಲವೆಂದು ಹೇಳುವುದಿಲ್ಲ. ಒಳಗೆ ಚಿಮಟದ ಮೇಲೆ ಎಪ್ಪತ್ತಾರು ಇತ್ತು. ಅವನು ಮೇಲೆ ಹೋಗಿ ಇರುವ ಬೆಳಕನ್ನೂ ಕಳೆಯುತ್ತಾನೆ.

"ಬೀರಪ್ಪಾ, ನಿಲ್ಲು. ಬಾಟ್ಲ್ಯಾಗಿಂದು ನನ್ನ ನೀರು."

"ಅಂದ್ರ?"

"ಬಾವೀ ನೀರು. ಸೋಸಿ ಕಾಸಿ ಹಾಕೇನಿ. ಒಂದು ವರ್ಷಾತು."

ಅವನು ಗೂಡಿನಿಂದ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡು ನಾಲಿಗೆಗೆ ಹಚ್ಚಿದ. ಎರಡು ದಿನದಿಂದ ನಮ್ಮ ಮನೆಯಲ್ಲಿ ಅದೇ ನೀರು ಕುಡಿಯುತ್ತಿದ್ದ, ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಬಯ್ಯುತ್ತಾನೆ ಎಂದು ತಿಳಿದಿದ್ದೆ. ಬೈದಿದ್ದರೆ ಚಲೋ ಇತ್ತು. ಗೋಣಿಯನ್ನು ತೆಗೆದು ಮಡಿಚಿ ಕೆಳಗಿಟ್ಟ.

"ಮಿರಗದಾಗ ಕೇಳಿದ್ನೆಲ್ಲ ಕಾಕು. ಆವಾಗ ಹೇಳಿದ್ರ ಮರುದಿನಾನ ಇಚಲಕರಂಜಿಯಿಂದ ಹೊಸಾ ಬ್ಯಾಟರಿ ತಂದು ಕೂಡಸ್ತಿದ್ದೆ."

ಒಳಗಿನಿಂದ ನಮ್ಮ ಮನೆಯವರ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದರು. ಒಂದೊಂದು ಮಾತಿಗೆ ನಿಂತು ನಿಂತು ಹೇಳಿದರು.

"ಮೂವತ್ತು ವರ್ಷ... ಉಸುಕು ಕೊಲ್ಲಲಿಲ್ಲ ನನ್ನ... ನಿನ್ನ ಮಡಿ ನೀರು... ಮುಗಸ್ತೈತಿ ನೋಡು."

ನಗುತ್ತಿದ್ದರು. ನಗಲು ಗಾಳಿ ಸಾಲದೆ ಕೆಮ್ಮು ಬಂತು. ಕೆಮ್ಮು ನಿಲ್ಲಿಸಲು ಸಿಲಿಂಡರನ್ನು ಹಚ್ಚಬೇಕಾಯಿತು, ಮುಳ್ಳು ಕೆಂಪಿನೊಳಗೆ ಹೋಯಿತು.

ಬೀರಪ್ಪ ಆಮೇಲೆ ತಡಮಾಡಲಿಲ್ಲ. ರೋಗ ತಿಳಿದ ಮೇಲೆ ಅವನ ಕೈಗೆ ಬೇರೆಯೇ ಚುರುಕು ಬಂತು. ಗೋಡೆ ಕಡೆಯದು ಸತ್ತಿದೆ, ಅದು ಬರುವ ಕರೆಂಟನ್ನೆಲ್ಲ ನುಂಗಿ ಬಿಸಿಯಾಗುತ್ತಿದೆ, ಅದನ್ನು ತೆಗೆದು ಆ ಜಾಗಕ್ಕೆ ಇನ್ನೊಂದು ಬ್ಯಾಟರಿ ಹಾಕಿದರೆ ಆಚೆಯದು ಜೊತೆಗೆ ಎಳೆಯುತ್ತದೆ ಎಂದ. ಇನ್ನೊಂದು ಎಲ್ಲಿಂದ ಬರಬೇಕು? ಊರೆಲ್ಲ ನೀರು.

"ಟ್ರ್ಯಾಕ್ಟರ್ ಯಾರ ಹತ್ರ ಐತಿ?"

ಆದಗೊಂಡನ ಹತ್ತಿರ ಇತ್ತು. ಆ ಎರಡು ದಿನ ಕೆಳಗಿನ ಓಣಿಗಳ ಜನರ ಸಾಮಾನು, ದನ, ಮುದುಕರನ್ನು ಅವನ ಟ್ರ್ಯಾಕ್ಟರೇ ಶಾಲೆಯ ಬಯಲಿಗೆ ಸಾಗಿಸುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿ ಮಳೆಯಲ್ಲಿ ಅಲ್ಲಿಗೆ ಹೋದೆ. ಅವನು ಟ್ರ್ಯಾಲಿಯಿಂದ ಜೋಳದ ಚೀಲ ಇಳಿಸುತ್ತಿದ್ದ. ಸುತ್ತ ಹತ್ತು ಜನ.

"ಆದಗೊಂಡಾ, ನಿನ್ನ ಟ್ರ್ಯಾಕ್ಟರ್ ಬ್ಯಾಟರಿ ಬೇಕು. ನಮ್ಮದು ಸತ್ತೈತಿ."

"ಆ ಮೋಸಗಾರ ಕೊಟ್ಟದ್ದೇನು?"

"ಆಂವ ಮೋಸಗಾರಲ್ಲ. ಚಲೋ ಬ್ಯಾಟರಿನ ಕೊಟ್ಟಿದ್ದ. ನಾ ಬಾವೀ ನೀರು ಹಾಕಿ ಕೊಂದೇನಿ."

ಹತ್ತು ಜನರ ಮುಂದೆ ಹೇಳಿದೆ. ಆದಗೊಂಡ ಚೀಲವನ್ನು ಬಿಟ್ಟು ನನ್ನನ್ನೇ ನೋಡಿದ. "ನಿನ್ನ ನೀರು ಮುನಿಗೋಳಿಗೆ ನಡೀತೈತಿ, ಬ್ಯಾಟರಿಗೆ ನಡೀಲಿಲ್ಲೇನು ವೈನಿ?" ಎಂದ. ಯಾರೋ ನಕ್ಕರು. ನಾನು ನಿಂತೇ ಇದ್ದೆ. ನಗುವವರು ನಗಲಿ, ಬ್ಯಾಟರಿ ಕೊಡಲಿ.

ಅವನು ನಟ್ಟು ಬಿಚ್ಚುವ ಪಾನ ತರಿಸಿ ಅಲ್ಲೇ ಬ್ಯಾಟರಿ ಬಿಚ್ಚಿದ. ಅದಿಲ್ಲದೆ ಟ್ರ್ಯಾಕ್ಟರ್ ಹೇಗೆ ಚಾಲೂ ಮಾಡುತ್ತಿ ಎಂದರೆ, "ಇಳಕಲಕ್ಕ ನಿಲ್ಲಸ್ತೇನಿ, ನಾಕು ಮಂದಿ ದೂಡ್ತಾರ. ನೀ ನಡಿ" ಎಂದ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನನಗಿಂತ ಮುಂಚೆ ನಡೆದ.

ಸತ್ತದ್ದನ್ನು ತೆಗೆದು ಟ್ರ್ಯಾಕ್ಟರಿನದನ್ನು ಕೂಡಿಸಿದರು. ಎರಡೂ ಜೋಡಿಯಲ್ಲ, ಬಹಳ ಹೊತ್ತು ಎಳೆಯುವುದಿಲ್ಲ ಎಂದು ಬೀರಪ್ಪ ಮೊದಲೇ ಹೇಳಿದ. ಗುಂಡಿ ಒತ್ತಿದ. ಮಷೀನು ಒಮ್ಮೆ ನಡುಗಿ ಉಸಿರುಬಿಡಲು ಶುರುಮಾಡಿತು. ಚಿಮಟದ ಮೇಲೆ ಅಂಕಿ ಹತ್ತುವುದನ್ನು ಮೂವರೂ ಬಗ್ಗಿ ನೋಡಿದೆವು. ಎಪ್ಪತ್ತೆಂಟು. ಎಂಬತ್ತೆರಡು. ಎಂಬತ್ತೇಳಕ್ಕೆ ನಿಂತಿತು. ಮೊದಲಿನಂತೆ ತೊಂಬತ್ತಕ್ಕೆ ಹೋಗಲಿಲ್ಲ.

ಮಷೀನನ್ನು ಒಂದು ತಾಸು ನಡೆಸುವುದು, ಒಂದು ತಾಸು ನಿಲ್ಲಿಸುವುದು. ಹಾಗೆ ಬೆಳಗಿನವರೆಗೆ ದೂಡಿದೆವು. ಬೆಳಗಾದ ಮೇಲೆ ಮೋಡ ತುಸು ಹರಿಯಿತು. ಬೀರಪ್ಪ ಮಾಳಿಗೆಯ ಮೇಲೆ ಕೂತು ಪ್ಯಾನೆಲ್ಲಿನ ಮೇಲೆ ಬಿದ್ದ ಹನಿಗಳನ್ನು ಪಂಚೆಯಿಂದ ಒರೆಸುತ್ತಲೇ ಇದ್ದ. ಹನಿ ಒರೆಸಿದರೆ ಎಷ್ಟು ಹೆಚ್ಚಾಗುತ್ತದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೆಳಗೆ ನಾನು ಅವರ ಬಾಯಿಗೆ ಗಂಜಿ ಹಾಕಿದೆ. ಎರಡು ಚಮಚ ನುಂಗಿ ಸಾಕು ಎಂದರು. ನುಂಗುವುದು, ಉಸಿರಾಡುವುದು ಎರಡನ್ನೂ ಒಟ್ಟಿಗೆ ಮಾಡಲು ಆಗುತ್ತಿರಲಿಲ್ಲ.

"ನೀರು ಕೊಡು" ಎಂದರು. ಕೊಟ್ಟೆ. ಕುಡಿದು ನನ್ನ ಮುಖ ನೋಡಿ, "ನನಗೇನೂ ಆಗಿಲ್ಲ ನೋಡು, ನಿನ್ನ ನೀರಿನಿಂದ" ಎಂದರು. ಹಾಗೆ ಹೇಳದಿದ್ದರೆ ಆಗುತ್ತಿತ್ತು.

ಹನ್ನೊಂದು ಗಂಟೆಗೆ ಮಷೀನು ಮತ್ತೆ ಚೀರಿತು. ಈ ಸಲ ಟ್ರ್ಯಾಕ್ಟರಿನ ಬ್ಯಾಟರಿಯೂ ಮುಗಿದಿತ್ತು. ಅಂಕಿ ಎಪ್ಪತ್ತೆರಡಕ್ಕೆ ಇಳಿಯಿತು, ಅರವತ್ತೊಂಬತ್ತಕ್ಕೆ ಇಳಿಯಿತು. ಕಣ್ಣು ತೆರೆದಿದ್ದರೂ ನನ್ನನ್ನು ಮಹಾವೀರಾ ಎಂದು ಕರೆದರು. ನಾನು ಚಿಮಟವನ್ನು ಬೆರಳಿನಿಂದ ತೆಗೆದು ಸೆರಗಿಗೆ ಕಟ್ಟಿಕೊಂಡೆ. ನೋಡಿ ಮಾಡುವುದೇನಿತ್ತು? ಆಮೇಲೆ ಬೋಟು ಬರುವವರೆಗೆ ಎಷ್ಟು ಹೊತ್ತು ಹೋಯಿತೋ ತಿಳಿಯದು. ಬೀರಪ್ಪ ಒಂದು ತಾಸು ಅನ್ನುತ್ತಾನೆ, ಆದಗೊಂಡ ಒಂದೂವರೆ ಅನ್ನುತ್ತಾನೆ. ಮಹಾವೀರ ಕೆಳಗಿನ ಓಣಿಯ ಎದೆಮಟ್ಟದ ನೀರು ದಾಟಿ ಸಿಲಿಂಡರ್ ಹೊತ್ತು ನಮ್ಮ ಓಣಿಯೊಳಗೆ ಬಂದ. ನಾಲ್ಕು ಜನ ಅವರನ್ನು ಕುರ್ಚಿ ಸಮೇತ ಎತ್ತಿದರು. ಬೋಟಿಗೆ ಹತ್ತಿಸುವಾಗ ಬೀರಪ್ಪ ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದ, ತಾನು ತೊಯ್ಯುತ್ತಿದ್ದ.

ಅವರು ಬದುಕಿದರು. ಕೊಲ್ಹಾಪುರದಲ್ಲಿ ಹದಿನೆಂಟು ದಿನ ಇದ್ದು ಬಂದರು. ಆದರೆ ಹೋದ ಮನುಷ್ಯ ಬೇರೆ, ಬಂದವರು ಬೇರೆ. ಮೊದಲು ಬಾಗಿಲವರೆಗೆ ನಡೆದು ಕಟ್ಟೆಯ ಮೇಲೆ ಕೂತು ಆದಗೊಂಡನ ಜೊತೆ ಕಬ್ಬಿನ ಮಾತು ಆಡುತ್ತಿದ್ದವರು ಈಗ ಮಂಚದಿಂದ ಇಳಿಯಲಿಲ್ಲ. ಹೆಸರು ಮರೆಯುತ್ತಿದ್ದರು. ಹದಿನಾರು ತಾಸಿನ ಮಷೀನು ಇಪ್ಪತ್ತನಾಲ್ಕು ತಾಸಿಗೆ ಬಂತು. ಬೀರಪ್ಪ ಹೊಸ ಬ್ಯಾಟರಿಗಳನ್ನು ತಂದು ಕೂಡಿಸಿದ, ಒಲೆಯ ಗೋಡೆಯಿಂದ ದೂರ. ಅಂಗಡಿಯ ನೀರಿನ ಆರು ಬಾಟಲಿಗಳನ್ನು ಗೂಡಿನಲ್ಲಿ ಸಾಲಾಗಿ ಇಟ್ಟ. ಓಣಿಯಲ್ಲಿ ಯಾವ ಯಾವ ಮನೆಯ ಮುಂದೆ ಅವನನ್ನು ಬೈದಿದ್ದೆನೋ ಆ ಮನೆಗಳಿಗೆಲ್ಲ ಹೋಗಿ ನಡೆದದ್ದು ಹೇಳಿ ಬಂದೆ. ಅವನು ಬೇಡ ಕಾಕು, ಬಿಡ್ರಿ ಎಂದ. ಅವನನ್ನು ಕೇಳಿ ಹೋದದ್ದಲ್ಲ.

ಮಾಘದಲ್ಲಿ ಒಂದು ಮುಂಜಾನೆ ನಮ್ಮ ಮನೆಯವರು ಹೋದರು. ಕರೆಂಟು ಇತ್ತು, ಬಿಸಿಲು ಇತ್ತು, ಬ್ಯಾಟರಿ ತುಂಬಿತ್ತು, ಮಷೀನು ನಡೆದೇ ಇತ್ತು.

ಸೊಸೆಗೆ, ಮಗನಿಗೆ, ಬೀರಪ್ಪನಿಗೆ, ಎಲ್ಲರಿಗೂ ಒಂದೇ ಮಾತು ಕೇಳಿದೆ. ಆ ಎರಡು ದಿನ ಇಲ್ಲದಿದ್ದರೆ ಇನ್ನೂ ಇರುತ್ತಿದ್ದರೇನು? ಇಲ್ಲ ಅವ್ವಾ, ಅದು ಉಸುಕಿನ ರೋಗ ಎಂದ ಮಹಾವೀರ. ದೇವರ ಇಚ್ಛೆ ಎಂದ ಬೀರಪ್ಪ. ನನ್ನ ಮೇಲಿನ ಕರುಣೆಗೆ ಹೇಳಿದ್ದು, ನನಗೆ ತಿಳಿಯುವುದಿಲ್ಲವೇ?

ತಿಂಗಳಾದ ಮೇಲೆ ಮಷೀನನ್ನು ದವಾಖಾನೆಗೆ ಕೊಟ್ಟುಬಿಡೋಣ, ಬೇರೆ ಯಾರಿಗಾದರೂ ಆದೀತು ಎಂದು ಮಹಾವೀರನ ಜೊತೆ ಕೊಲ್ಹಾಪುರಕ್ಕೆ ಹೋದೆ. ಡಾಕ್ಟರು ನನ್ನ ಗುರುತು ಹಿಡಿದರು. ಕುರ್ಚಿ ತೋರಿಸಿದರು, ಕೂರಲಿಲ್ಲ. ನಮ್ಮ ಊರಿನ ನೀರು, ಬಾಟಲಿ, ಎರಡು ದಿನ, ಬೆರಳಿನ ಅಂಕಿ, ಎಲ್ಲ ಹೇಳಿದೆ. ಅವರು ಮರಾಠಿಯವರು, ನಾನು ಮರಾಠಿಯಲ್ಲೇ ಕೇಳಿದೆ. ಅವರು ಮೊದಲು ಧೂಳಿನ ಮಾತು ತೆಗೆದರು.

ಧೂಳು ಗೊತ್ತಿದೆ ಸಾಹೇಬರೇ, ಆ ಧೂಳಿನ ಅಂಗಿ ಮೂವತ್ತು ವರ್ಷ ಒಗೆದಿದ್ದೇನೆ, ನಾನು ಕೇಳುತ್ತಿರುವುದು ಎರಡು ದಿನದ್ದು ಎಂದೆ.

ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಮಹಾವೀರ ಅವರಿಗೆ ಕಣ್ಣಿನಲ್ಲೇ ಬೇಡ ಎಂದು ಸನ್ನೆ ಮಾಡಿದ್ದನ್ನು ನೋಡಿದೆ.

"ಥೋಡಂ ಅಸೇಲ, ಆಜಿ" ಎಂದರು. ಸ್ವಲ್ಪ ಇರಬಹುದು.

ಅಷ್ಟು ದಿನದಲ್ಲಿ ನನಗೆ ಸರಿಯಾಗಿ ಉತ್ತರ ಕೊಟ್ಟವರು ಅವರೊಬ್ಬರೇ. ಕೈ ಮುಗಿದೆ. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಲಿಲ್ಲ. ಹೊರಗೆ ಬಂದಾಗ ಮಹಾವೀರ ನನ್ನ ರಟ್ಟೆ ಹಿಡಿಯಲು ಬಂದ. ಬೇಡ ಎಂದೆ. ಮೆಟ್ಟಿಲನ್ನು ನಾನೇ ಇಳಿದೆ.